ಶಾರದವ್ವ ಪ್ರಭುಲಿಂಗಪ್ಪ ಅಂಗಡಿ ಎಂಬುವರ ಬಾಕಿ

ಹಾವೇರಿ
೧೬ ಜೂನ್ ೨೦೦೮

ಶ್ರೀಮತಿ ಶಾರದವ್ವ ಪ್ರಭುಲಿಂಗಪ್ಪ ಅಂಗಡಿ ಅವರಿಗೆ,

ನಮಗೆ ಪರಿಚಯವಿಲ್ಲ. ಪರಿಚಯ ಮಾಡಿಕೊಳ್ಳುವ ಆಸೆಯೂ ನನಗಿಲ್ಲ. ಆದರೆ ನಿಮ್ಮ ವಿಳಾಸ ಬರೆಯುವಾಗ ನನ್ನ ಹೆಸರನ್ನೇ ಬರೆಯಬೇಕಾದ ದುರ್ದೈವ ಬಂದಿದೆ. ಅದಕ್ಕೇ ಈ ಪತ್ರ.

ನಾನು ಇಲ್ಲಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಕಾಲೇಜಿಗೆ ಸೇರುವಾಗಲೇ ಹೆಸರಿನ ‘ಅವ್ವ’ ಬಿಟ್ಟು ಶಾರದಾ ಆದವಳು. ಸರಕಾರಿ ಕಾಗದಗಳಲ್ಲಿ ಮಾತ್ರ ಇಂದಿಗೂ ಶಾರದವ್ವ ಪ್ರಭುಲಿಂಗಪ್ಪ ಅಂಗಡಿ. ಪ್ರಭುಲಿಂಗಪ್ಪ ನನ್ನ ತಂದೆ. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಅಂಜಿನಪ್ಪ ಎಂಬುವರ ಮನೆ ಕೊಳ್ಳಲು ಐವತ್ತು ಸಾವಿರ ಮುಂಗಡ ಕೊಟ್ಟಿದ್ದೇನೆ. ಸೆಪ್ಟೆಂಬರ್ ಮೂವತ್ತರೊಳಗೆ ಉಳಿದ ಹಣ ಕೊಡದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ. ಮನೆಯನ್ನೇ ಅಡವಿಟ್ಟು ಐದು ಲಕ್ಷ ಸಾಲ ಕೇಳಿದೆ. ಬ್ಯಾಂಕಿನವರು ಮುಂಬೈಯಿಂದ ನನ್ನ ಸಾಲದ ಚರಿತ್ರೆ ತರಿಸಿದರು. ಯಾರು ಎಲ್ಲಿ ಸಾಲ ಮಾಡಿದ್ದಾರೆ, ಯಾರು ಮುಳುಗಿಸಿದ್ದಾರೆ ಎಂದು ಲೆಕ್ಕ ಇಡುವ ಕಂಪನಿಯೊಂದು ಅಲ್ಲಿದೆಯಂತೆ.

ಆ ವರದಿಯಲ್ಲಿ ನೀವಿದ್ದೀರಿ. ೨೦೦೩ರಲ್ಲಿ ರಾಣೆಬೆನ್ನೂರಿನ ಫೈನಾನ್ಸ್ ಕಂಪನಿಯಿಂದ ಸರಕಿನ ಆಟೋಕ್ಕೆ ಸಾಲ, ಬಾಕಿ ಮೂವತ್ತೆಂಟು ಸಾವಿರದ ನಾಲ್ಕುನೂರು, ವಿಳಾಸ ಬ್ಯಾಡಗಿ ಮಾರುಕಟ್ಟೆ ಹಿಂದಿನ ಖಾರದ ಗಿರಣಿ. ಹೆಸರು ಒಂದೇ, ಹುಟ್ಟಿದ ತಾರೀಖೂ ಒಂದೇ, ೧೯೬೨ರ ಜೂನ್ ಒಂದು. ನಮ್ಮ ಕಾಲದ ಮಾಸ್ತರರು ಎಲ್ಲ ಮಕ್ಕಳಿಗೂ ಅದೇ ದಿನ ಬರೆಯುತ್ತಿದ್ದರೆಂದು ಮುಂಬೈಯವರಿಗೆ ಯಾರು ಹೇಳಬೇಕು? ಜೀವನದಲ್ಲಿ ಯಾರ ಮುಂದೆಯೂ ಕೈಯೊಡ್ಡದ ನಾನು ಮ್ಯಾನೇಜರ್ ಎದುರು ಸಾಲ ಮುಳುಗಿಸಿದವಳಾಗಿ ಕುಳಿತೆ. ಇಡೀ ವರದಿಯಲ್ಲಿರುವ ಮಸಿ ನಿಮ್ಮದೊಂದೇ.

ಸಾಲ ಮಾಡುವ ಧೈರ್ಯ ಇದ್ದವರಿಗೆ ತೀರಿಸುವ ಮರ್ಯಾದೆಯೂ ಇರಬೇಕು. ಹದಿನೈದು ದಿನಗಳಲ್ಲಿ ಕಟ್ಟಿ ರಸೀದಿ ಕಳಿಸಿ. ಇಲ್ಲವಾದರೆ ಪೊಲೀಸರಿಗೆ ಬರೆಯುತ್ತೇನೆ. ಈ ಪತ್ರವನ್ನು ಯಾರಿಂದಲಾದರೂ ಓದಿಸಿಕೊಳ್ಳಿ.

ಶಾರದಾ ಪ್ರ. ಅಂಗಡಿ, ಎಂ.ಎ., ಬಿ.ಎಡ್.
ಮುಖ್ಯೋಪಾಧ್ಯಾಯಿನಿ


ಬ್ಯಾಡಗಿ
27-6-2008

ಟೀಚರಮ್ಮಗ,

ನಿಮ್ಮ ಪತ್ರ ಬಂತು. ಯಾರ ಕಡೆನೂ ಓದಿಸಿಕೊಂಡಿಲ್ಲ, ನಾನೇ ಓದೇನಿ. ಏಳನೇತ್ತ ಪಾಸಾದಾಕಿ ನಾ. ನಿಮ್ಮ ಅಕ್ಷರ ಭಾಳ ದುಂಡಗ ಅದಾವ, ಅದರ ಒಳಗಿನ ಮಾತು ಹಂಗಿಲ್ಲ.

ನೀವು ಪೊಲೀಸರಿಗೆ ಬರೀರಿ. ಅವರೂ ನನ್ನ ಗಿರಣಿಗೇ ಖಾರ ಕುಟ್ಟಿಸಾಕ ಕೊಡ್ತಾರ.

ನಾ ಸಾಲ ಮುಳುಗಿಸಿಲ್ಲ. ಆಟೋ ತಗೊಂಡಿದ್ದು ಖರೇ. ನನ್ನ ಹೆಸರಿನ್ಯಾಗ ತಗೊಂಡ್ವಿ, ನನ್ನ ಗಂಡ ಪ್ರಭುಲಿಂಗಪ್ಪ ಹೊಡೀತಿದ್ದ. ಹದಿನೆಂಟು ಕಂತು ಒಂದ ದಿನ ತಪ್ಪದಂಗ ಕಟ್ಟೇವಿ. ಆಮ್ಯಾಲೆ ಎರಡು ಕಂತು ತಡ ಆತು. 2005ರ ಫೆಬ್ರವರಿ, ಸೋಮವಾರದ ಮಾರ್ಕೆಟ್ಟು, ಆಟೋದಾಗ ಮಂದಿದು ಹನ್ನೊಂದು ಚೀಲ ಮೆಣಸಿನಕಾಯಿ. ಕಂಪನಿಯ ನಾಕು ಮಂದಿ ಬಂದು ಚೀಲ ರಸ್ತೆಕ್ಕ ಇಳಿಸಿ ಗಾಡಿ ಒಯ್ದರು. ಇಡೀ ಮಾರ್ಕೆಟ್ಟು ನಿಂತು ನೋಡಿತು. ಗಾಡಿ ಮಾರಿಕೊಂಡು ರೊಕ್ಕ ಅವರೇ ತಗೊಂಡಾರ. ಗಾಡಿನೂ ಅವರ ಕಡೆ, ರೊಕ್ಕನೂ ಅವರ ಕಡೆ. ಮತ್ತ ನನ್ನ ಬಾಕಿ ಎಲ್ಲಿಂದ ಬಂತು? ನಿಮ್ಮ ಸಾಲ್ಯಾಗ ಗಣಿತ ಕಲಸ್ತೀರಿಲ್ಲೋ?

ಮನಿ ಕೊಳ್ಳಾಕ ಹೊಂಟವರು ನೀವು, ಮಸಿ ಬಿದ್ದಿದ್ದು ನಿಮ್ಮ ಕಾಗದದ ಮ್ಯಾಲೆ. ನಾ ಯಾಕ ಒರಸಲಿ? ಹುಡುಗ್ಯಾರಿಗೆ ಬೈದಂಗ ನನಗ ಬೈಬ್ಯಾಡ್ರಿ. ನಾ ನಿಮ್ಮ ಸಾಲ್ಯಾಗ ಇಲ್ಲ.

ಶಾರದವ್ವ


ಹಾವೇರಿ
೯ ಜುಲೈ ೨೦೦೮

ಶ್ರೀಮತಿ ಶಾರದವ್ವ ಅವರಿಗೆ,

ನಿಮ್ಮ ಉದ್ಧಟತನಕ್ಕೆ ಉತ್ತರ ಕೊಡುವಷ್ಟು ಬಿಡುವು ನನಗಿಲ್ಲ. ಕೆಲಸದ ಮಾತಷ್ಟೇ ಬರೆಯುತ್ತೇನೆ.

ಶನಿವಾರ ಅರ್ಧ ದಿನ ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆ. ನಿಮ್ಮ ಕಂಪನಿಯ ಶಾಖೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಮೇಲಿನ ಮಹಡಿಯಲ್ಲಿ ಕಂಪನಿಯ ಗುಮಾಸ್ತ ಒಬ್ಬ ಇನ್ನೂ ಕೂರುತ್ತಾನೆ. ಕುರ್ಚಿ ತೋರಿಸಲಿಲ್ಲ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ, ನೀವೇ ಶಾರದವ್ವ ಅಲ್ಲವೇ, ಮೂರು ವರ್ಷ ಎಲ್ಲಿ ಅಡಗಿದ್ದಿರಿ ಎಂದು ಕೇಳಿದ. ನನ್ನನ್ನು! ಕೊನೆಗೆ, ಮುಖ್ಯ ಕಚೇರಿಗೆ ಬರೆಯಿರಿ ಎಂದ.

ನಿಮ್ಮ ಬಾಕಿಯನ್ನು ನಾನೇ ಬಿಸಾಕಿ ಕೈ ತೊಳೆದುಕೊಳ್ಳಲೂ ಸಿದ್ಧಳಿದ್ದೆ. ಮ್ಯಾನೇಜರ್ ಬೇಡವೆಂದರು. ನಾನು ಕಟ್ಟಿದರೆ ಸಾಲ ನನ್ನದೇ ಎಂದು ಒಪ್ಪಿದಂತೆ, ತಡವಾಗಿ ತೀರಿಸಿದವಳೆಂಬ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಸಾಲ ನನ್ನದಲ್ಲ, ನಿಮ್ಮದು ಎಂದು ಸಾಬೀತಾಗಬೇಕು. ಅದಕ್ಕೆ ನೀವು ಇಪ್ಪತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ಹಾಗೆ ಬರೆದು ಸಹಿ ಮಾಡಿ, ಮತದಾರರ ಚೀಟಿಯ ನಕಲು ಸೇರಿಸಿ ಕಳಿಸಬೇಕು. ಒಕ್ಕಣೆಯನ್ನು ನಾನೇ ಬರೆದಿದ್ದೇನೆ. ನೀವು ಯೋಚನೆ ಮಾಡುವ ಅಗತ್ಯವಿಲ್ಲ. ಖರ್ಚಿಗೆಂದು ಐವತ್ತು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಉಳಿದ ಚಿಲ್ಲರೆ ಇಟ್ಟುಕೊಳ್ಳಿ.

ಶಾರದಾ ಪ್ರ. ಅಂಗಡಿ
ಮುಖ್ಯೋಪಾಧ್ಯಾಯಿನಿ


ಬ್ಯಾಡಗಿ
21-7-2008

ಟೀಚರಮ್ಮಗ,

ನಿಮ್ಮ ಐವತ್ತು ರೂಪಾಯಿ ಪೋಸ್ಟ್‌ಮನ್ ಕೈಯಾಗ ವಾಪಸ್ ಕೊಟ್ಟೇನಿ. ನಿಮ್ಮ ಒಕ್ಕಣಿ ಒಲಿಗೆ ಹಾಕೇನಿ.

ಯೋಚನೆ ಮಾಡಬ್ಯಾಡ ಅಂತೀರಿ. 2003ರಾಗ ಕಂಪನಿಯವನೂ ಅದನ್ನೇ ಅಂದಿದ್ದ. ಅಕ್ಕಾ, ನೀ ಯೋಚನೆ ಮಾಡಬ್ಯಾಡ, ಇಲ್ಲಿ ಹದಿನಾಕು ಕಡೆ ಸಹಿ ಮಾಡು ಅಂದ. ಬರೇ ಹಾಳಿ, ಒಂದಕ್ಷರ ಇರಲಿಲ್ಲ. ಮಾಡಿದೆ. ಈಗ ನೀವು ಸಾಲ ನಂದು ಅಂತ ಛಾಪಾ ಕಾಗದದ ಮ್ಯಾಲೆ ಬರಕೊಡು ಅಂತೀರಿ. ನಾಳೆ ಆ ಕಾಗದ ಹಿಡಕೊಂಡು ಅವರು ನನ್ನ ಗಿರಣಿ ಮುಂದ ನಿಂದ್ರತಾರ. ಗಿರಣಿ ಬಿಟ್ಟರ ನನಗ ಏನೂ ಇಲ್ಲ. ನನ್ನ ಗಂಡನೂ ಊರಾಗಿಲ್ಲ.

ನಿಮಗ ಪಗಾರ ಐತಿ, ಪೆನ್ಶನ್ ಬರ್ತೈತಿ, ಇರಾಕ ಬಾಡಿಗಿದಾರೆ ಒಂದು ಮನಿ ಐತಿ. ಸ್ವಂತ ಮನಿ ಇಲ್ಲಂದ್ರ ನೀವೇನು ಬೀದಿಗೆ ಬೀಳೂದಿಲ್ಲ. ಅಷ್ಟು ಅವಸರ ಇದ್ದರ ನಿಮ್ಮ ಹೆಸರು ಬದಲಿ ಮಾಡಿಕೊಳ್ರಿ. ಅರ್ಧ ಹೆಂಗೂ ಬಿಟ್ಟೀರಿ, ಉಳಿದದ್ದೂ ಬಿಡ್ರಿ.

ಶಾರದವ್ವ


ಹಾವೇರಿ
೫ ಆಗಸ್ಟ್ ೨೦೦೮

ಶಾರದವ್ವ ಅವರಿಗೆ,

ನಿಮ್ಮ ಗಂಡ ಊರಲ್ಲಿಲ್ಲ ಎಂದು ಬರೆದಿದ್ದೀರಿ. ಅವರು ಏಕೆ ಊರಲ್ಲಿಲ್ಲ ಎಂಬುದು ಈಗ ನನಗೆ ಗೊತ್ತು. ನನ್ನ ಹಳೆಯ ವಿದ್ಯಾರ್ಥಿನಿ ಭುವನಾ ನಿಮ್ಮ ಊರಲ್ಲೇ ಶಿಕ್ಷಕಿ. ಪ್ರಭುಲಿಂಗಪ್ಪ ಅಂಗಡಿ ಸಾಲ ಕೊಟ್ಟವರಿಗೆ ಹೆದರಿ ಹೆಂಡತಿಯನ್ನು ಬಿಟ್ಟು ಓಡಿಹೋದ ಎಂದು ಇಡೀ ಮಾರುಕಟ್ಟೆ ಆಡಿಕೊಳ್ಳುತ್ತದೆಯಂತೆ. ಗಾಡಿ ಒಯ್ದರು, ರೊಕ್ಕ ಒಯ್ದರು ಎಂಬ ನಿಮ್ಮ ಕಥೆಯ ಬೆಲೆ ನನಗೆ ಆಗಲೇ ತಿಳಿಯಬೇಕಿತ್ತು. ಪ್ರಾಮಾಣಿಕರಾಗಿದ್ದರೆ ಅವರೇಕೆ ಓಡಬೇಕಿತ್ತು?

ನಿಮ್ಮಂಥವರ ಸಂಸಾರದ ಹೊಲಸು ನನ್ನ ಹೊಸ್ತಿಲಿಗೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಂಜಿನಪ್ಪನವರು ಎರಡು ಸಲ ಫೋನ್ ಮಾಡಿದ್ದಾರೆ. ಬೇರೆ ಗಿರಾಕಿ ಸಿದ್ಧವಿದೆಯಂತೆ. ಇದೇ ಕೊನೆಯ ಬಾರಿ ಕೇಳುತ್ತಿದ್ದೇನೆ, ಆ ಒಕ್ಕಣೆಗೆ ಸಹಿ ಹಾಕಿ ಕಳಿಸಿ. ಗಂಡನಿಗೆ ಇಲ್ಲದ ಮಾನವನ್ನು ನೀವಾದರೂ ಉಳಿಸಿಕೊಳ್ಳಿ.

ಶಾ. ಪ್ರ. ಅಂಗಡಿ


ಹಾವೇರಿ
೬ ಸೆಪ್ಟೆಂಬರ್ ೨೦೦೮

ಶಾರದವ್ವ ಅವರಿಗೆ,

ಒಂದು ತಿಂಗಳಾಯಿತು, ನಿಮ್ಮಿಂದ ಒಂದು ಅಕ್ಷರವಿಲ್ಲ. ಬೈದಾದರೂ ಬರೆಯುವಿರೆಂದು ದಿನಾ ಅಂಚೆಯವನ ದಾರಿ ನೋಡಿದ್ದೇನೆ. ಹೀಗೆ ಬರೆಯಬೇಕಾಗಿ ಬಂದದ್ದು ನನಗೇ ಆಶ್ಚರ್ಯ.

ನಿನ್ನೆ ಶಿಕ್ಷಕರ ದಿನಾಚರಣೆ. ಶಾಲು ಹೊದಿಸಿದರು. ಹಾರ ತೆಗೆದು ನೇರ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ನನಗಿಂತ ಹದಿನೈದು ವರ್ಷ ಚಿಕ್ಕವನು. ಕಂಪ್ಯೂಟರಿನಿಂದ ಕಣ್ಣು ಕೀಳದೆ, ಮೇಡಂ, ನಿಮ್ಮ ಯಜಮಾನರನ್ನು ಜೊತೆ ಅರ್ಜಿದಾರರನ್ನಾಗಿ ಮಾಡಬಹುದಿತ್ತಲ್ಲ ಎಂದ. ಯಜಮಾನರಿಲ್ಲ ಎಂದೆ. ಹಾಗಾದರೆ ಅಣ್ಣತಮ್ಮಂದಿರು ಎಂದ. ನಾನು ಎದ್ದು ಬಂದೆ. ಎಂಟನೆಯ ತರಗತಿಯಲ್ಲಿ ಇಂಥ ಹುಡುಗ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮುಂಬೈಯವರಿಗೆ ರಿಜಿಸ್ಟರ್ ಪತ್ರ ಬರೆದಿದ್ದೆ. ಅವರ ಉತ್ತರ ನಾಲ್ಕು ಸಾಲು: ಸಾಲ ಕೊಟ್ಟವರು ತಿಳಿಸಿದ್ದನ್ನೇ ನಾವು ಬರೆಯುತ್ತೇವೆ, ಅವರನ್ನು ಕೇಳಿ. ಫೈನಾನ್ಸ್ ಕಂಪನಿಗೆ ಬರೆದೆ. ಅವರ ಉತ್ತರ ಎರಡೇ ಸಾಲು: ವರದಿ ಮುಂಬೈಯವರದು, ಅವರನ್ನು ಕೇಳಿ. ಈ ಜನ ಕವಡೆ ಕಾಸಿಗೂ ಪ್ರಯೋಜನವಿಲ್ಲದವರು. ಮೂರು ಊರುಗಳಲ್ಲಿ ಮೂರು ಕುರ್ಚಿಗಳ ಮೇಲೆ ಕುಳಿತು, ನಾನು ಯಾರೆಂದು ನನಗೇ ತಿಳಿಸುತ್ತಾರೆ.

ಇನ್ನು ಇಪ್ಪತ್ನಾಲ್ಕು ದಿನ ಇವೆ. ಹಿಂದಿನ ಪತ್ರದಲ್ಲಿ ನಿಮ್ಮ ಯಜಮಾನರ ವಿಷಯ ಬರೆದದ್ದು ಅನಗತ್ಯವಾಗಿತ್ತು.

ಶಾರದಾ ಅಂಗಡಿ


ಬ್ಯಾಡಗಿ
14-9-2008

ಟೀಚರಮ್ಮಗ,

ಅನಗತ್ಯ ಅಂತ ಬರದೀರಿ. ಅದು ಅನಗತ್ಯ ಅಲ್ಲ, ಹಲ್ಕಟ್‌ತನ. ಓದಿದವರು ಹಲ್ಕಟ್‌ತನಕ್ಕೂ ಚೊಲೋ ಶಬ್ದ ಹುಡುಕ್ತೀರಿ.

ನನ್ನ ಗಂಡ ಓಡಿಹೋಗಿಲ್ಲ. ಗಾಡಿ ಒಯ್ದ ದಿನ ಅದರ ಹಿಂದ ಮೋಟೆಬೆನ್ನೂರು ದಾಟೂತನಕ ಸೈಕಲ್ ಹೊಡಕೊಂಡು ಹೋಗಿದ್ದ. ಹೈವೇ ಮ್ಯಾಲೆ ಗಾಡಿ ಕಾಣದಂಗಾದಮ್ಯಾಲೆ ತಿರುಗಿ ಬಂದ. ಮಾತು ಕಡಿಮಿ ಮಾಡಿದ. ಮುಂದ ಏಳು ತಿಂಗಳಿಗೆ ಲಕ್ವಾ ಹೊಡೀತು. ಬಲಗೈ ಬಲಗಾಲು ಹೋದುವು. ಹಿಂಗ ಮಲಗಿದವನ ಮುಂದೂ ವಸೂಲಿ ಮಂದಿ ಬಂದು ಒದರಾಕತ್ತಿದ್ರು. ಒಬ್ಬಾವ ಅವನ ಹಾಸಿಗಿ ಒದ್ದು, ನಾಟಕ ಮಾಡ್ತಿಯೇನು ಅಂದ. ಅವತ್ತ ರಾತ್ರಿನೇ ಅವನ್ನ ಮೋಟೆಬೆನ್ನೂರಿಗೆ ನಮ್ಮವ್ವ ಉಚ್ಚಂಗೆವ್ವನ ಮನಿಗೆ ಸಾಗಿಸಿದೆ. ಹಿಂದಿನ ಖೋಲ್ಯಾಗ ಅದಾನ. ಇಲ್ಲಿ ಮಾರ್ಕೆಟ್ಟಿನ್ಯಾಗ, ನನ್ನ ಗಂಡ ನನ್ನ ಬಿಟ್ಟು ಓಡಿಹೋದ ಅಂತ ನಾನೇ ಹಬ್ಬಿಸಿದೆ. ಓಡಿಹೋದವನ್ನ ಹುಡುಕಾಕ ಯಾರೂ ಬರೂದಿಲ್ಲ, ಮಲಗಿದವನ್ನ ಬಿಡೂದಿಲ್ಲ. ಮೂರು ವರ್ಷ ಮಂದಿ ನನಗ ಅಯ್ಯೋ ಅಂತಾರ, ಹಿಂದ ನಗ್ತಾರ. ನಿಮ್ಮ ಭುವನಾ ಟೀಚರೂ ಅವರೊಳಗ ಒಬ್ಬಾಕಿ.

ಇನ್ನೊಂದು ಮಾತು. ನನ್ನ ಕಡೆ ಒಂದು ಕಾಗದ ಐತಿ. 2005ರ ಡಿಸೆಂಬರದಾಗ ನನ್ನ ಕೊಳ್ಳಾಗಿನ ಬಂಗಾರ ಮಾರಿ ಹನ್ನೊಂದು ಸಾವಿರ ಒಯ್ದು ರಾಣೆಬೆನ್ನೂರು ಆಫೀಸಿನ್ಯಾಗ ಕಟ್ಟೇನಿ. ಲೆಕ್ಕ ಮುಗೀತು, ಇನ್ನು ಬಾಕಿ ಇಲ್ಲ ಅಂತ ಸಿಕ್ಕಾ ಹೊಡದು ಕೊಟ್ಟಾರ. ಆದ್ರೂ ಅವರ ಮ್ಯಾಲೆ ನಂಬಿಕಿ ಬರಲಿಲ್ಲ, ಗಂಡನ್ನ ಅಲ್ಲೇ ಇಟ್ಟೆ. ಅದನ್ನ ಅವರು ಮ್ಯಾಲೆ ಕಳಿಸಿಲ್ಲ, ಅದು ಅವರ ಹಣೇಬಾರ. ನಿಮ್ಮ ಮೊದಲನೇ ಪತ್ರ ಬಂದಾಗನೇ ಆ ಕಾಗದ ಟ್ರಂಕಿನ್ಯಾಗಿಂದ ತಗದು ಹೊರಗ ಇಟ್ಟಿದ್ದೆ, ಝೆರಾಕ್ಸ್ ಮಾಡಿಸಿ ಕಳಸೋಣಂತ. ಮತ್ತ ನಿಮ್ಮ ಪತ್ರ ಇನ್ನೊಮ್ಮೆ ಓದಿದೆ. ಯಾರಿಂದಲಾದರೂ ಓದಿಸಿಕೊಳ್ಳಿ ಅಂತಿತ್ತು. ಕಾಗದ ಹೊಳ್ಳಿ ಟ್ರಂಕಿಗೆ ಹೋತು.

ಒಂದೇ ಒಂದು ಒಳ್ಳೇ ಮಾತು ಬರದಿದ್ರ ಜೂನದಾಗ ನಿಮ್ಮ ಕೆಲಸ ಆಗ್ತಿತ್ತು.

ಈಗ ಕೊಡ್ತೇನಿ, ಆದ್ರ ಪೋಸ್ಟಿನ್ಯಾಗ ಅಲ್ಲ. ನನ್ನ ಕೈಲೇ ಹಿಡಕೊಂಡು ಬರ್ತೇನಿ, ನನ್ನ ಕೈಲೇ ಒಯ್ತೇನಿ. ಮುಂದಿನ ವಾರ ಸೋಮವಾರದ ಮಾರ್ಕೆಟ್ಟು ಬಿಟ್ಟು ಮಂಗಳವಾರ, 23ನೇ ತಾರೀಖು, ಹತ್ತೂವರಿಗೆ ನಿಮ್ಮ ಬ್ಯಾಂಕಿನ ಬಾಗಿಲಾಗ ಇರ್ತೇನಿ. ಹಸಿರು ಸೀರಿ. ನೀವೂ ತಡ ಮಾಡಬ್ಯಾಡ್ರಿ.

ಶಾರದವ್ವ


ಹಾವೇರಿ
೨೫ ಸೆಪ್ಟೆಂಬರ್ ೨೦೦೮

ಶಾರದವ್ವನವರೇ,

ಮಂಗಳವಾರ ಬಸ್ ನಿಲ್ದಾಣದಲ್ಲಿ ನಿಮಗೆ ಹೇಳಬೇಕಾದದ್ದನ್ನು ಹೇಳಲಿಲ್ಲ. ಬರೆದರೆ ನನಗೆ ಸುಲಭ.

ಮ್ಯಾನೇಜರ್ ನಮ್ಮಿಬ್ಬರ ಮತದಾರರ ಚೀಟಿ ಅಕ್ಕಪಕ್ಕ ಇಟ್ಟುಕೊಂಡು, ಸಂತೆಗೆ ಬಂದ ಎಮ್ಮೆಗಳನ್ನು ನೋಡಿದ ಹಾಗೆ ನೋಡಿ, ಸರಿ, ಇಬ್ಬರಲ್ಲಿ ಸಾಲಗಾರರು ಯಾರು ಎಂದು ಕೇಳಿದನಲ್ಲ, ಆಗ ನನ್ನ ಬೆರಳು ನಿಮ್ಮ ಕಡೆ ಎದ್ದಿತ್ತು. ನಿಮಗೆ ಕಂಡಿರಬಹುದು. ನೀವು ಕುರ್ಚಿಯಿಂದ ಕದಲದೆ ಹೇಳಿದಿರಿ: “ಇಬ್ಬರೂ ಅಲ್ರಿ. ಕಾಗದ ಓದ್ರಿ.”

ಆತ ಓದಿದ. ಗಟ್ಟಿಯಾಗಿ ಓದ್ರಿ ಎಂದಿರಿ. ಗಟ್ಟಿಯಾಗಿಯೇ ಓದಿದ. ಇಡೀ ಬ್ಯಾಂಕು ಕೇಳಿತು. ಮೂರು ತಿಂಗಳು ನಾನು ಆ ಕುರ್ಚಿಯಲ್ಲಿ ಕುಳಿತು ನನ್ನ ಎಂ.ಎ., ನನ್ನ ನೌಕರಿ, ನನ್ನ ಮನೆತನ ಹೇಳಿದ್ದೆ. ಅದರಿಂದ ಆಗದ ಕೆಲಸ ಅಷ್ಟರಲ್ಲಿ ಆಯಿತು. ಆತ ಇನ್ನೇನೋ ತೋರಿಸಲು ವರದಿ ತಿರುಗಿಸಿದಾಗ ನಾನೇ ತಡೆದು ನಿಮ್ಮನ್ನು ಎಬ್ಬಿಸಿಕೊಂಡು ಬಂದೆ. ನಿಮಗೆ ಬಸ್ಸಿಗೆ ಹೊತ್ತಾಗಿತ್ತು.

ನಕಲುಗಳು ಕಂಪನಿಗೂ ಮುಂಬೈಗೂ ಹೋಗಿವೆ. ತಿದ್ದುಪಡಿಗೆ ಕನಿಷ್ಠ ಒಂದು ತಿಂಗಳು ಎನ್ನುತ್ತಾರೆ. ನನಗಿರುವುದು ಐದು ದಿನ. ಅಂಜಿನಪ್ಪನವರಿಗೆ ಗಡುವು ಮುಂದೂಡಲು ಕೇಳಿದೆ. ನೋಡೋಣ ಎಂದಿದ್ದಾರೆ. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ನಿಮ್ಮ ಯಜಮಾನರ ವಿಷಯದಲ್ಲಿ ನಾನು ಬರೆದದ್ದು ತಪ್ಪು. ಅನಗತ್ಯವಲ್ಲ, ತಪ್ಪು.

ಶಾರದಾ


ಹಾವೇರಿ
೧೮ ಜನವರಿ ೨೦೦೯

ಶಾರದವ್ವನವರೇ,

ನಾಲ್ಕು ತಿಂಗಳು ಬರೆಯಲಿಲ್ಲ. ನಡುವೆ ನಿಮ್ಮ ಎರಡು ಕಾರ್ಡು ಬಂದವು, ಕೆಲಸ ಏನಾಯಿತೆಂದು ಕೇಳಿ. ಉತ್ತರ ಬರೆಯಲು ಕುಳಿತು ಎದ್ದಿದ್ದೇನೆ.

ಮನೆ ಹೋಯಿತು. ಅಕ್ಟೋಬರ್ ಎರಡನೇ ವಾರ ಅಂಜಿನಪ್ಪನವರು ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರಿಗೆ ನೋಂದಣಿ ಮಾಡಿಕೊಟ್ಟರು. ಮುಂಗಡದಲ್ಲಿ ಇಪ್ಪತ್ತು ಸಾವಿರ ತಿರುಗಿ ಕೊಟ್ಟರು, ಅದೂ ಭಿಕ್ಷೆ ಹಾಕಿದ ಹಾಗೆ. ಪಡಸಾಲೆಯಲ್ಲಿ ಪುಸ್ತಕದ ಕಪಾಟು ಎಲ್ಲಿ ನಿಲ್ಲಿಸಬೇಕೆಂದು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಬಂದಿದ್ದೆ. ಈಗ ಅದರ ಮೇಲೆ ಸುಣ್ಣ ಬಳಿದಿರುತ್ತಾರೆ.

ಡಿಸೆಂಬರಿನಲ್ಲಿ ಹೊಸ ವರದಿ ಬಂತು. ನಿಮ್ಮ ಆಟೋ ಅದರಲ್ಲಿಲ್ಲ. ನಿಮ್ಮ ಹೆಸರಿನ ಲೆಕ್ಕದಲ್ಲೂ ‘ಮುಗಿದಿದೆ’ ಎಂದು ಬರೆದಿದ್ದಾರಂತೆ. ಬೇರೊಂದು ಮನೆ ನೋಡಿ ಮತ್ತೆ ಅರ್ಜಿ ಹಾಕಿದೆ. ಬ್ಯಾಂಕಿನವರು ಮತ್ತೆ ಇಲ್ಲ ಎಂದರು.

ಶಾರದವ್ವನವರೇ, ಆ ವರದಿಯಲ್ಲಿ ಮೊದಲಿನಿಂದಲೂ ಎರಡು ಬಾಕಿಗಳಿದ್ದವು. ನಿಮಗೆ ಒಂದನ್ನೇ ಹೇಳಿದ್ದೆ. ಎರಡನೆಯದು ನನ್ನದು. ನನಗೆ ಮನೋಹರ ಎಂಬ ತಮ್ಮನಿದ್ದಾನೆ. ೨೦೦೪ರಲ್ಲಿ ಆತ ಪಂಪ್‌ಸೆಟ್ಟಿನ ಅಂಗಡಿ ಇಡಲು ಒಂದು ಲಕ್ಷ ಸಾಲ ಮಾಡಿದ. ಜಾಮೀನಿಗೆ ನಾನು ಸಹಿ ಮಾಡಿದೆ. ಅಂಗಡಿ ಎರಡು ವರ್ಷಕ್ಕೆ ಮುಚ್ಚಿತು. ಒಂದು ದಿನ ಹುಬ್ಬಳ್ಳಿಗೆ ಹೋಗಿ ಬರುತ್ತೇನೆಂದು ಹೋದವನು ಈವರೆಗೆ ಬಂದಿಲ್ಲ. ಬ್ಯಾಂಕಿನ ನೋಟೀಸುಗಳು ನನಗೆ ಬರುತ್ತಿದ್ದವು. ಒಡೆಯದೆ ಕಪಾಟಿನಲ್ಲಿಡುತ್ತಿದ್ದೆ. ಒಡೆಯದಿದ್ದರೆ ಅವು ನನ್ನವಲ್ಲ ಎಂಬ ಹಾಗೆ. ಶಾಲೆಯಲ್ಲಿ ತಮ್ಮ ಮುಂಬೈಯಲ್ಲಿದ್ದಾನೆ, ಚೆನ್ನಾಗಿದ್ದಾನೆ ಎಂದು ಹೇಳಿಕೊಂಡಿದ್ದೇನೆ.

ನಿಮ್ಮದು ಅಳಿಸಿಹೋದರೆ ನನ್ನದನ್ನು ಯಾರೂ ಅಷ್ಟು ಗಮನಿಸಲಿಕ್ಕಿಲ್ಲ ಎಂದುಕೊಂಡಿದ್ದೆ. ನಿಮ್ಮನ್ನು ಬೈಯುವಾಗಲೆಲ್ಲ ನನಗೆ ಆ ಎರಡನೆಯ ಸಾಲು ಕಣ್ಣ ಮುಂದೆ ಇರುತ್ತಿತ್ತು. ಅದಕ್ಕೇ ಅಷ್ಟು ಜೋರಾಗಿ ಬೈದೆನೋ ಏನೋ.

ಈಗ ಬಡ್ಡಿ ಸೇರಿ ಎಪ್ಪತ್ತೆಂಟು ಸಾವಿರವಾಗಿದೆ. ತಿಂಗಳಿಗೆ ಎರಡು ಸಾವಿರದಂತೆ ನಾನೇ ಕಟ್ಟುತ್ತೇನೆ ಎಂದು ಒಪ್ಪಿದ್ದೇನೆ. ತಿಂಗಳ ಕೊನೆಗೆ ಏನೋ ಕಾಗದಗಳಿಗೆ ಸಹಿ ಹಾಕಲು ಕರೆದಿದ್ದಾರೆ. ಅದು ತೀರುವ ಹೊತ್ತಿಗೆ ನನಗೆ ಐವತ್ತು. ಐವತ್ತು ದಾಟಿದ ಒಂಟಿ ಹೆಂಗಸಿಗೆ ಮನೆ ಸಾಲ ಯಾರು ಕೊಡುತ್ತಾರೆ? ಬಾಡಿಗೆ ಮನೆಯಲ್ಲೇ ಇರುತ್ತೇನೆ. ನೀವೇ ಹೇಳಿದಂತೆ, ಬೀದಿಗೇನೂ ಬೀಳುವುದಿಲ್ಲ.

ನೀವು ಬಯ್ಯಬಹುದು. ನಿಮಗೆ ಹಕ್ಕಿದೆ.

ಶಾರದಾ


ಬ್ಯಾಡಗಿ
27-1-2009

ಟೀಚರಮ್ಮಾರಿಗೆ,

ನಿಮ್ಮ ಪತ್ರ ಓದಿದೆ. ನೀವು ಹೇಳಿದ್ದು ನನಗ ಗೊತ್ತಿತ್ತು.

ಅವತ್ತ ಬ್ಯಾಂಕಿನ್ಯಾಗ ಆ ಮ್ಯಾನೇಜರ್ ವರದಿ ತಿರುವಿ ಎರಡನೇ ಸಾಲಿನ ಮ್ಯಾಲೆ ಬೊಟ್ಟು ಇಟ್ಟ. ನೀವು ಗಡಬಡಿಸಿ ಮುಚ್ಚಿದ್ರಿ. ನನಗ ಇಂಗ್ಲಿಷ್ ಬರೂದಿಲ್ಲ ಅಂತ ತಿಳಕೊಂಡಿದ್ರಿ. ಕಂಪನಿ ಕಾಗದ ಓದಿ ಓದಿ ನಾಕು ಶಬ್ದ ಕಲತೇನ್ರಿ, ಡ್ಯೂ, ಪೇಡ್, ಡಿಫಾಲ್ಟ್, ಗ್ಯಾರಂಟರ್. ಮನೋಹರ ಪ್ರಭುಲಿಂಗಪ್ಪ ಅಂಗಡಿ ಅನ್ನೂ ಹೆಸರೂ ಓದಿದೆ. ಬಸ್ಸಿನ್ಯಾಗ ಕುಂತು ಭಾಳ ಸಿಟ್ಟು ಬಂತು. ನನ್ನೊಬ್ಬಾಕಿದೇ ಮಸಿ ಅಂತ ಬರದಾಕಿ ಈಕಿ, ಈಕಿದೂ ಐತಿ, ಬಾಯಿಬಿಟ್ಟು ಹೇಳೂ ಧೈರ್ಯ ಇಲ್ಲ ಅಂತ. ಇಳಿದು ಬಂದು ಮ್ಯಾನೇಜರನ ಮುಂದ ನನ್ನ ಕಾಗದ ಹರದು ಬರಬೇಕಿತ್ತು ಅನಿಸ್ತು. ಹೇಳ್ತೀರೋ ಇಲ್ಲೋ ನೋಡೋಣಂತ ಕಾರ್ಡು ಹಾಕಿದೆ. ನಾಕು ತಿಂಗಳು ತಗೊಂಡ್ರಿ.

ಬಯ್ಯಾಕ ಹಕ್ಕು ಐತಿ ಅಂತೀರಿ. ಅದಕ್ಕ ನಿಮ್ಮ ಪರವಾನಗಿ ಬೇಕಾಗಿಲ್ಲ. ಆದ್ರ ನೀವು ನನ್ನ ಗಂಡನ್ನ ಓಡಿಹೋದಾವ ಅಂದ್ರಿ. ನಿಮ್ಮ ತಮ್ಮಗ ಆ ಮಾತು ನಾ ಅನ್ನಂಗಿಲ್ಲ. ಅವನ ಹಾಸಿಗಿ ಯಾರು ಒದ್ದಾರೋ ನಮಗ ಗೊತ್ತಿಲ್ಲ.

ತಿಂಗಳಿಗೆ ಎರಡು ಸಾವಿರ ಅಂತ ಒಪ್ಪಿದ್ದು ಮಾತ್ರ ದಡ್ಡತನ. ಎಂ.ಎ. ಮಾಡಿದವರು ಮಾಡೂ ಕೆಲಸ. ನೀವು ಕಂತು ಕಟ್ಟತೀರಿ, ಬಡ್ಡಿ ಬೆಳಕೋತ ಹೋಗ್ತೈತಿ. ಮೂರು ವರ್ಷದಿಂದ ಮುಳುಗಿದ ಸಾಲ ಅದು, ಒಮ್ಮೆಲೆ ಕೊಡ್ತೇನಿ ಅಂದ್ರ ಅರ್ಧಕ್ಕ ಬಿಡ್ತಾರ. ಅಂಜಿನಪ್ಪ ಕೊಟ್ಟ ಇಪ್ಪತ್ತು ಅದಾವಲ್ಲ, ಅದಕ್ಕ ಇನ್ನಷ್ಟು ನಿಮ್ಮ ಟೀಚರ್ ಸೊಸೈಟಿಯಾಗ ಸಾಲ ತಗೀರಿ. ಮೊದಲು ಬಾಕಿ ಇಲ್ಲ ಅಂತ ಕಾಗದ, ಸಿಕ್ಕಾ, ತಾರೀಖು, ಅದನ್ನ ಮುಂಬೈಗೆ ಕಳಿಸೇವಿ ಅಂತ ಇನ್ನೊಂದು ಕಾಗದ, ಆಮ್ಯಾಲೆ ರೊಕ್ಕ. ಕುರ್ಚಿ ಕೊಡಲಿಲ್ಲಂದ್ರ ಎಳಕೊಂಡು ಕುಂದರಬೇಕು. ಅವರು ಸುಮ್ಮನಾದಾಗ ನಾವು ಮಾತಾಡಬಾರದು. ಅವರೇ ಮಾತಾಡಿ ರೇಟು ಇಳಸ್ತಾರ. ಇದು ನಿಮಗ ಬರೂದಿಲ್ಲ. ನೀವು ಎದ್ದು ಹೊರಗ ಬರ್ತೀರಿ.

ಗುರುವಾರ ಮಾರ್ಕೆಟ್ಟು, ಗಿರಣಿ ಬಿಡಾಕ ಆಗೂದಿಲ್ಲ. ಶುಕ್ರವಾರ ಹತ್ತು ಗಂಟೆಕ್ಕ ಹಾವೇರಿಗೆ ಬರ್ತೇನಿ. ನಾ ಬರೂತನಕ ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ್ರಿ.

ಶಾರದವ್ವ